ಸಲಕರಣೆ ಸುಲಭವಾದರೆ ಸಾಲದು

ಕಂಪ್ಯೂಟರಿಗೆ ಕೆಲಸ ಹೇಳುವ ವಿದ್ಯೆ ಕೆಲವೇ ಪರಿಣತರ ಸೊತ್ತಾಗಿದ್ದ ಕಾಲ ಮುಗಿಯುತ್ತಾ ಬಂದಿದೆ. ಪರದೆಯ ಮೇಲಿನ ಸಿದ್ಧ ತುಂಡುಗಳನ್ನು ಎಳೆದು ಜೋಡಿಸಿ, ಹೆಚ್ಚೇನೂ ಸಂಕೇತ ಬರೆಯದೆ, ಅರ್ಜಿ ನಮೂನೆಯನ್ನೋ ಮೊಬೈಲ್ ಆ್ಯಪನ್ನೋ ತಯಾರಿಸಬಲ್ಲ ‘ಲೋ-ಕೋಡ್’ ಸಲಕರಣೆಗಳು ಈಗ ಸಾಮಾನ್ಯರ ಕೈಗೆಟಕುತ್ತಿವೆ. ಕೇರಳದ ಹೈಸ್ಕೂಲುಗಳಲ್ಲಿ 2018ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಕೂಟಗಳ ಮಕ್ಕಳು ಸ್ಕ್ರ್ಯಾಚ್, ಆ್ಯಪ್ ಇನ್ವೆಂಟರ್‌ಗಳಂತಹ ಇದೇ ಜಾತಿಯ ಸಲಕರಣೆಗಳಲ್ಲಿ ಕೈ ಪಳಗಿಸುತ್ತಿದ್ದಾರೆ. ಇದು ಸ್ವಾಗತಾರ್ಹ.

ಹಾಗಾದರೆ ವೃತ್ತಿಪರ ಪ್ರೋಗ್ರಾಮರುಗಳು ಇನ್ನೇಕೆ? ಮಕ್ಕಳನ್ನು ಪೊವ್ವಲಿನ ಎಲ್.ಬಿ.ಎಸ್. ಇಂಜಿನಿಯರಿಂಗ್ ಕಾಲೇಜಿಗೋ ಮಂಗಳೂರಿಗೋ ಕಳುಹಿಸಲು ಹೊರಟ ತಂದೆತಾಯಿಯರನ್ನು ಕಾಡುವ ಪ್ರಶ್ನೆಯಿದು. ಪ್ರಶ್ನೆ ಹೊಸತಲ್ಲ. 1959ರಲ್ಲಿ ಕೋಬಾಲ್ ರೂಪುಗೊಂಡಾಗ, ವ್ಯವಹಾರಸ್ಥರೂ ಓದಬಲ್ಲ ಭಾಷೆ ಬಂತೆಂದು ಹರ್ಷಿಸಿದವರಿದ್ದರು. 1979ರಲ್ಲಿ ವಿಸಿಕ್ಯಾಲ್ ಬಂದಾಗ ಲೆಕ್ಕಿಗರು ತಮ್ಮ ಲೆಕ್ಕದ ಹಾಳೆಯನ್ನು ತಾವೇ ಕಟ್ಟಿಕೊಂಡರು. ಪ್ರತಿಸಲವೂ ಕೆಲಸ ಸುಲಭವಾಯಿತು, ಬೇಡಿಕೆ ಬೆಳೆಯಿತು. ಪ್ರೋಗ್ರಾಮರು ಮಾಯವಾಗಲಿಲ್ಲ, ಅವರ ಕೆಲಸದ ಸ್ವರೂಪ ಬದಲಾಯಿತು. ಬಾಯಿಮಾತಿನಲ್ಲಿ ಹೇಳಿದರೆ ಸಂಕೇತ ಬರೆದುಕೊಡುವ ಕೃತಕ ಬುದ್ಧಿಮತ್ತೆ ಈ ಬದಲಾವಣೆಯ ವೇಗವನ್ನು ಹೆಚ್ಚಿಸಿದೆ, ನಿಜ. ಆದರೆ ಹೊಣೆಗಾರಿಕೆಯನ್ನು ಅದು ಹೊರಲಾರದು.

ನಮ್ಮ ನಾಡಿನ ಸುರಂಗಗಳನ್ನೇ ನೋಡಿ. ಗುಡ್ಡದೊಳಗಿನಿಂದ ಹರಿದುಬಂದ ನೀರನ್ನು ಅಡಿಕೆ ತೋಟಕ್ಕೆ ಹಾಯಿಸಲು ಮನೆಮಂದಿ ಸಾಕು. ಆದರೆ ಎಲ್ಲಿ ಕೊರೆಯಬೇಕು, ಮಣ್ಣು ಎಲ್ಲಿ ಕುಸಿದೀತು ಎಂದು ಬಲ್ಲ ಕಸುಬುದಾರನೇ ಬೇರೆ.

ಈ ಅಂತರ ಕನ್ನಡಿಗರಿಗೆ ಚೆನ್ನಾಗಿ ತಿಳಿದಿರಬೇಕು. ಯಾವುದೋ ದೂರದೇಶದಲ್ಲಿ ತಯಾರಾದ ಸಿದ್ಧ ತುಂಡಿಗೆ ನಮ್ಮ ಒತ್ತಕ್ಷರದ ಕಷ್ಟ ತಿಳಿಯದು. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಮುದ್ರಿಸುವಾಗ ಅಕ್ಷರ ಒಡೆದರೆ, ಹೆಸರುಗಳು ಅಕಾರಾದಿಯಲ್ಲಿ ಸಾಲುಗೂಡದಿದ್ದರೆ, ಕಾರಣ ಹುಡುಕಿ ಸರಿಪಡಿಸಲು ಒಳಗಿನ ರಚನೆ ಬಲ್ಲವರೇ ಬೇಕು. ಸಹಕಾರ ಸಂಘದ ಗುಮಾಸ್ತರು ಸದಸ್ಯರ ಪಟ್ಟಿಗೊಂದು ಆ್ಯಪ್ ಮಾಡಿಕೊಳ್ಳಲಿ. ಆದರೆ ಆ ಮಾಹಿತಿ ಅನ್ಯರ ಕೈಸೇರದಂತೆ ಬೀಗ ಹಾಕುವುದು ಬಲ್ಲವರ ಕೆಲಸ. ಅದು ಸಂಸ್ಥೆಯ ಕರ್ತವ್ಯವೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವಿಧಿಸುತ್ತದೆ.

ಇದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಅಲ್ಲಿನ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಲು, ಕನ್ನಡದಲ್ಲೇ ಉತ್ತರ ಪಡೆಯಲು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಅವಕಾಶವಿದೆ. ನಾಳೆ ವಿದ್ಯಾನಗರದ ಸಿವಿಲ್ ಸ್ಟೇಶನಿನ ಯಾವುದೇ ಕಚೇರಿಯ ನೌಕರರು ಒಂದೇ ಮಧ್ಯಾಹ್ನದಲ್ಲಿ ಹೊಸ ನಮೂನೆಯೊಂದನ್ನು ಜೋಡಿಸಿಬಿಡಬಹುದು. ‘ಅರ್ಜಿದಾರರ ಭಾಷೆ ಯಾವುದು?’ ಎಂದು ಸಲಕರಣೆ ತಾನಾಗಿ ಕೇಳುವುದಿಲ್ಲ. ಅವಸರದಲ್ಲಿ ಬಿಟ್ಟುಹೋದ ಆ ಒಂದು ಅಂಕಣದೊಡನೆ ನಮ್ಮ ಹಕ್ಕೂ ಸದ್ದಿಲ್ಲದೆ ಬಿಟ್ಟುಹೋದೀತು. ಯಾರಿಗಾಗಿ ಕಟ್ಟುತ್ತಿದ್ದೇವೆ ಎಂದು ಮೊದಲೇ ಕೇಳುವುದು ವೃತ್ತಿಪರರ ಪ್ರಥಮ ಪಾಠ.

ಆದುದರಿಂದ ಕಚೇರಿಗಳು ಇಂತಹ ನಮೂನೆಗಳನ್ನು ಜನರ ಮುಂದಿಡುವ ಮೊದಲು ತಜ್ಞರಿಂದಲೂ ಕನ್ನಡ ಬಲ್ಲವರಿಂದಲೂ ಪರಿಶೀಲಿಸಬೇಕು. ನಮ್ಮ ಶಾಲೆ, ಸಂಘಸಂಸ್ಥೆಗಳು ಸುಲಭ ಸಲಕರಣೆಗಳನ್ನು ಧೈರ್ಯವಾಗಿ ಬಳಸಲಿ. ದೊಡ್ಡ ಕಂಪೆನಿಗಳು ನಮಗಾಗಿ ಏನಾದರೂ ಮಾಡಿಯಾವು ಎಂದು ಕಾಯಬೇಕಾಗಿಲ್ಲ. ಆದರೆ ನಮ್ಮ ಯುವಕ ಯುವತಿಯರಲ್ಲಿ ಕೆಲವರಾದರೂ ಬುನಾದಿಯ ವಿದ್ಯೆಯನ್ನು ಶ್ರಮಪಟ್ಟು ಕಲಿಯಲೇಬೇಕು. ನಮ್ಮ ಅಕ್ಷರದ ಕಾವಲನ್ನು ಪರರಿಗೆ ಒಪ್ಪಿಸಿ ನಿಶ್ಚಿಂತರಾಗಿರುವುದು ಅಲ್ಪಸಂಖ್ಯಾತರಾದ ನಮಗೆ ಸಲ್ಲದು.