ಕೋಳಿಗೆ ಸಿಮೆಂಟ್ ಅಂಗಳ ಏಕೆ ಬೇಡ

ಪುಣೆಯ ಹೊರವಲಯದಲ್ಲೋ ಹೈದರಾಬಾದಿನ ಶಂಷಾಬಾದ್ ಕಡೆಯೋ ಒಂದು ತುಂಡು ಜಾಗ ಕೊಂಡವರು ಮೊದಲು ಬೋರ್‌ವೆಲ್ ಕೊರೆಸುತ್ತಾರೆ, ಆಮೇಲೆ ನಾಲ್ಕು ತೆಂಗಿನ ಸಸಿ ನೆಡುತ್ತಾರೆ. ಎರಡು ಮೂರು ವರ್ಷ ಕಳೆಯುವ ಹೊತ್ತಿಗೆ ಕೋಳಿ ಸಾಕುವ ಆಸೆ ಹುಟ್ಟುತ್ತದೆ. ಗೂಡು ಕಟ್ಟಲು ಬಂದ ಮೇಸ್ತ್ರಿ ಹೇಳುವುದು ಒಂದೇ ಮಾತು: "ಅಂಗಳಕ್ಕೂ ಕಾಂಕ್ರೀಟ್ ಹಾಕಿಬಿಡೋಣ ಸಾರ್, ದಿನಾ ತೊಳೆದರಾಯಿತು." ಶುಚಿತ್ವದ ಹೆಸರಿನಲ್ಲಿ ಬರುವ ಮಾತಾದ್ದರಿಂದ ಯಾರೂ ಎದುರು ಹೇಳುವುದಿಲ್ಲ. ಹೇಳಬೇಕು.

ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ಅನೇಕ ಸಾಕುತಳಿಗಳ ಹಳದಿ ಚರ್ಮ ಮಾತ್ರ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ತಳಿವಿಜ್ಞಾನಿಗಳು ತೋರಿಸಿದರು. ಎರಡೂ ಪೊದೆ, ಬಿದಿರುಮೆಳೆ, ತರಗೆಲೆಗಳ ನಡುವೆ ಬದುಕುವ ಹಕ್ಕಿಗಳು. ನೆಲ ಕೆದಕುವುದು ಅವುಗಳ ದಿನದ ಬಹುಪಾಲು ಕೆಲಸ. ಪುಡಿಮಣ್ಣಿನಲ್ಲಿ ಹೊರಳುವುದು ಅವುಗಳ ಸ್ನಾನ. ಗರಿಯ ಜಿಡ್ಡು, ಹೇನು ಕಳೆಯುವುದು ಹಾಗೆ. ಬರಿಯ ತಂತಿಯ ಪಂಜರದಲ್ಲಿಟ್ಟರೂ ಕೋಳಿ ಇಲ್ಲದ ಮಣ್ಣನ್ನು ಮೈಮೇಲೆ ಎರಚಿಕೊಳ್ಳುವಂತೆ ಹೊರಳಾಡುತ್ತದೆ. ಅಷ್ಟು ಆಳದ ಹಂಬಲವನ್ನು ಸಿಮೆಂಟ್ ನೆಲ ಪೂರೈಸಲಾರದು.

ಆರೋಗ್ಯದ ಲೆಕ್ಕದಲ್ಲೂ ಅದು ಸೋಲುತ್ತದೆ. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ರಾಜೇಂದ್ರನಗರದಲ್ಲಿ ರೂಪುಗೊಂಡ ವನರಾಜ, ಇವೆರಡೂ ಹಿತ್ತಿಲಿಗಾಗಿಯೇ ಬೆಳೆಸಿದ, ತೂಕದ ತಳಿಗಳು. ತೂಕದ ಹಕ್ಕಿ ಎತ್ತರದ ಕೋಲಿನಿಂದ ಗಟ್ಟಿ ನೆಲಕ್ಕೆ ದಿನಾ ಜಿಗಿದರೆ ಅಂಗಾಲಿಗೆ ಪೆಟ್ಟಾಗಿ ಕೀವು ತುಂಬುತ್ತದೆ. ತೊಳೆದ ನೆಲ ಪೂರ್ತಿ ಒಣಗದೆ ಉಳಿದರೆ ಇನ್ನೂ ಕೇಡು. ರಕ್ತಭೇದಿ ತರುವ ಕಾಕ್ಸಿಡಿಯೋಸಿಸ್ ರೋಗಾಣುವಿಗೆ ಬೇಕಾದದ್ದು ಬೆಚ್ಚಗಿನ ತೇವ. ಅದು ಸಿಕ್ಕಿದರೆ ಹಿಕ್ಕೆಯಲ್ಲಿ ಬಿದ್ದದ್ದು ಒಂದೆರಡು ದಿನದಲ್ಲೇ ಸೋಂಕು ಹರಡಲು ಸಿದ್ಧವಾಗುತ್ತದೆ. ರೋಗಕ್ಕೆ ಮದ್ದು ಒಣನೆಲವೇ ಹೊರತು ತೊಳೆದ ನೆಲವಲ್ಲ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ದಿನಾ ತೊಳೆಯುವವರು ಯಾರು? ಶನಿವಾರ ಬಂದು ಭಾನುವಾರ ಹೊರಡುವ ಮಾಲೀಕರಂತೂ ಅಲ್ಲ. ಆ ಕೆಲಸ ಕಾವಲುಗಾರನ ಹೆಂಡತಿಯ ಪಾಲಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಜಾಗದಲ್ಲಿ ಕೋಳಿಯ ಅಂಗಳ ತೊಳೆಯಲು ನೀರು ಸುರಿಯುವುದು ಶುಚಿತ್ವವಲ್ಲ, ದುಂದು.

ಹಾಗೆಂದು ಬರಿಯ ಮಣ್ಣು ಬಿಟ್ಟರೆ ಸಾಲದು. ಮೊದಲ ಜೋರು ಮಳೆಗೇ ಅದು ಕೆಸರಾಗುತ್ತದೆ. ಮುಂಬಯಿ ಕಡೆ ಜೂನ್‌ನಲ್ಲಿ, ಚೆನ್ನೈ ಕಡೆ ಅಕ್ಟೋಬರ್ ನಂತರ. ನೀರು ಹರಿದು ಹೋಗುವಂತೆ ಇಳಿಜಾರು ಕೊಟ್ಟು, ಮೇಲೆ ದಪ್ಪ ಹಾಸು ಹಾಕಬೇಕು. ಇಲ್ಲಿ ಒಂದು ಭೇದವಿದೆ. ಸೂರಿನ ಕೆಳಗೆ ಭತ್ತದ ಹೊಟ್ಟು ಚೆನ್ನ: ಎರಡು ಮೂರು ಅಂಗುಲದಿಂದ ಶುರುಮಾಡಿ ಆರು ಅಂಗುಲದವರೆಗೆ ಏರಿಸಬಹುದು. ಅದೇ ಹೊಟ್ಟು ಬಯಲಿನಲ್ಲಿ ಮಳೆಗೆ ಸಿಕ್ಕಿದರೆ ಗಂಜಿಯಂತಾಗುತ್ತದೆ. ಬಯಲಿಗೆ ಒರಟು ಸಾಮಗ್ರಿಯೇ ಬೇಕು: ತರಗೆಲೆ, ಮರದ ಚಕ್ಕೆ, ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆಯ ತುಂಡು. ನದಿ ಮರಳು ಒಳ್ಳೆಯದೇ, ಆದರೆ ಅದರ ಬೆಲೆಯನ್ನೂ ಮರಳೆತ್ತಿದ ನದಿಗಳ ಗತಿಯನ್ನೂ ಬಲ್ಲವರು ಕೋಳಿಯ ಕಾಲಡಿಗೆ ಅದನ್ನು ಹಾಸುವ ಮೊದಲು ಎರಡು ಸಲ ಯೋಚಿಸಬೇಕು.

ಇದು ಪರದೇಶದ ಪಾಠವೇನೂ ಅಲ್ಲ. ಮಲೆನಾಡಿನಲ್ಲಿ ಸೊಪ್ಪಿನ ಬೆಟ್ಟದಿಂದ ತಂದ ದರಕನ್ನು ಕೊಟ್ಟಿಗೆಗೆ ಹಾಸಿ, ಸೆಗಣಿ ಗಂಜಲ ಕೂಡಿದ ಮೇಲೆ ಗೊಬ್ಬರವಾಗಿ ಅಡಿಕೆ ತೋಟಕ್ಕೆ ಒಯ್ಯುವುದು ತಲೆಮಾರುಗಳ ಕ್ರಮ. ಕೋಳಿಯ ಅಂಗಳದಲ್ಲಿ ನಡೆಯಬೇಕಾದದ್ದೂ ಅದೇ. ಹಾಸನ್ನು ಮಗುಚುವ ಕೆಲಸವನ್ನು ಕೋಳಿಯೇ ಮಾಡುತ್ತದೆ ಎನ್ನುವುದಷ್ಟೇ ವ್ಯತ್ಯಾಸ. ಪರೀಕ್ಷೆಯೂ ಸುಲಭ. ಒಂದು ಹಿಡಿ ಹಾಸನ್ನು ಅದುಮಿದಾಗ ಉಂಡೆಯಾಗಿ ಉಳಿದರೆ ತೇವ ಹೆಚ್ಚು. ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತಾಗ ಕಣ್ಣುರಿದರೆ ಅಮೋನಿಯ ಹೆಚ್ಚಿದೆ, ಒಣ ಹಾಸು ಸೇರಿಸಬೇಕು.

ಗಿಡಗಳ ವಿಷಯದಲ್ಲಿ ತಪ್ಪು ಇನ್ನೊಂದು ಬಗೆಯದು. ನರ್ಸರಿಯಲ್ಲಿ ಅಂದವಾಗಿ ಕಂಡದ್ದನ್ನು ತಂದು ನೆಡುತ್ತಾರೆ. ಕೋಳಿಗೆ ಬೇಕಾದದ್ದು ನೆರಳು ಮತ್ತು ಮರೆ. ಅದಕ್ಕೆ ಬೆವರುವ ಗ್ರಂಥಿಗಳಿಲ್ಲ. ದೆಹಲಿಯ ಮೇ ತಿಂಗಳಲ್ಲಿ ಬಾಯಿ ತೆರೆದು ಏದುಸಿರು ಬಿಡುವುದೇ ಅದರ ದಾರಿ. ಹದ್ದಿನ ಭಯವಿರುವ ಹಕ್ಕಿ ಪೊದೆಯಿಲ್ಲದ ಬಯಲಿಗೆ ಕಾಲಿಡಲು ಅಂಜುತ್ತದೆ. ನೆರಳಿಗೆ ನುಗ್ಗೆ, ಹಿಪ್ಪುನೇರಳೆ, ಸೀಬೆ. ಮರೆಗೆ ದಾಸವಾಳ, ಬಾಳೆ. ಅಂಚಿಗೆ ಮಜ್ಜಿಗೆ ಹುಲ್ಲು. ಬಸಳೆಯನ್ನು ಬಲೆಯ ಹೊರಗೆ ನೆಟ್ಟರೆ ಒಳಗೆ ಇಣುಕಿದ ಎಲೆ ಕೋಳಿಗೆ, ಉಳಿದದ್ದು ಮನೆಗೆ. ಹೊಸ ಸಸಿಯ ಬುಡಕ್ಕೆ ಸುತ್ತ ಕಲ್ಲಿಡದಿದ್ದರೆ ಒಂದೇ ದಿನದಲ್ಲಿ ಬೇರು ಮೇಲೆ ಬರುತ್ತದೆ. ಹೆದ್ದಾರಿಯ ನಡುವೆ ನೀರಿಲ್ಲದೆಯೂ ಅರಳುವ ಕಣಗಿಲೆಯನ್ನು ನೋಡಿ ಯಾರೂ ಮರುಳಾಗಬಾರದು. ಅದರ ಎಲ್ಲ ಭಾಗವೂ ವಿಷ. ಉಮ್ಮತ್ತಿ, ಹರಳು, ಗುಲಗಂಜಿಯೂ ಆ ಬೇಲಿಯೊಳಗೆ ಬೇಡ.

ಹತ್ತು ಕೋಳಿಗೆ 100 ಚದರಡಿ ಎಂಬ ರೂಢಿಯ ಲೆಕ್ಕದಲ್ಲಿ ಹುಲ್ಲು ಉಳಿಯುವುದಿಲ್ಲ. ಹಸಿರು ಬೇಕೆನ್ನುವವರು ಜಾಗ ಹೆಚ್ಚಿಸಿ, ಅಂಗಳವನ್ನು ಎರಡು ಭಾಗ ಮಾಡಿ, ಒಂದಕ್ಕೆ ವಿರಾಮ ಕೊಡುತ್ತಾ ಇನ್ನೊಂದರಲ್ಲಿ ಕೋಳಿ ಬಿಡಬೇಕು.

ಸಿಮೆಂಟಿನ ಪರವಾಗಿ ಒಂದು ನ್ಯಾಯವಾದ ಮಾತಿದೆ: ಹೆಗ್ಗಣ ಮತ್ತು ಮುಂಗುಸಿ. ರಾತ್ರಿ ಮಲಗುವ ಗೂಡಿನ ಕೆಳಗೆ ಕಾಂಕ್ರೀಟ್ ಇರಲಿ, ಅದರ ಮೇಲೆ ಹೊಟ್ಟು ಹಾಸಲಿ. ಹಗಲಿನ ಅಂಗಳಕ್ಕೆ ಬೇಲಿಯ ಬುಡದಿಂದ ಹೊರಕ್ಕೆ ಒಂದಡಿ ಅಗಲ ಗಟ್ಟಿ ಬಲೆಯನ್ನು ನೆಲದಡಿ ಮಲಗಿಸಿ ಹೂತರೆ ತೋಡುವ ಪ್ರಾಣಿಗೆ ಅದೇ ತಡೆ. ಇಡೀ ಅಂಗಳವನ್ನು ಮುಚ್ಚಲು ಅದು ಕಾರಣವಾಗದು.

ಉಳಿದದ್ದು ಕೆಲಸದ ಕ್ರಮ. ಈಗ ಮರಿ ಮೊದಲು ಬರುತ್ತದೆ, ಗೂಡು ಆಮೇಲೆ, ಗಿಡ ಕೊನೆಗೆ. ಅಷ್ಟರಲ್ಲಿ ನೆಲ ಬೋಳಾಗಿ, ಕೆಸರಾಗಿ, ಬೇಸತ್ತು ಸಿಮೆಂಟ್ ತರಿಸುತ್ತಾರೆ. ಯುಗಾದಿಯ ಹೊತ್ತಿಗೆ ಕೋಳಿ ಬೇಕೆನ್ನುವವರು ಹಿಂದಿನ ಮಳೆಗಾಲದಲ್ಲೇ ಸಸಿ ನೆಡಲಿ, ಚಳಿಗಾಲದಲ್ಲಿ ಉದುರಿದ ಎಲೆಯನ್ನು ಸುಡದೆ ಚೀಲಗಳಲ್ಲಿ ಕೂಡಿಡಲಿ. ಅಷ್ಟು ಕಾಯುವ ತಾಳ್ಮೆ ಇಲ್ಲದವರು, ವಾರದ ದಿನಗಳಲ್ಲಿ ಹಕ್ಕಿಯನ್ನು ನೋಡಿಕೊಳ್ಳುವವರಿಗೆ ತಕ್ಕ ಸಂಬಳ ಕೊಡಲಾರದವರು, ಮೊಟ್ಟೆಯನ್ನು ಅಂಗಡಿಯಲ್ಲೇ ಕೊಳ್ಳುವುದು ಕೋಳಿಗೂ ಕ್ಷೇಮ, ಅವರಿಗೂ ಕ್ಷೇಮ.