ಇಟಲಿಯವರ ವಂಶವೂ ಶೇಕಡಾ ಲೆಕ್ಕವೂ

ಕೊಳವೆಯೊಂದರಲ್ಲಿ ಸ್ವಲ್ಪ ಉಗುಳು ತುಂಬಿ ಅಂಚೆಯಲ್ಲಿ ಕಳುಹಿಸಿದರೆ ಸಾಕು, ‘ನಿಮ್ಮ ಪೂರ್ವಿಕರು ಇಂತಿಂಥವರು’ ಎಂಬ ಪಟ್ಟಿ ಶೇಕಡಾ ಲೆಕ್ಕದೊಡನೆ ಬರುತ್ತದೆ. ಅಮೆರಿಕದಲ್ಲಿ ನೆಲೆಸಿರುವ ಇಟಲಿ ಮೂಲದವರಲ್ಲಿ ಅನೇಕರು ಹೀಗೆ ಡಿ.ಎನ್.ಎ. ಪರೀಕ್ಷೆ ಮಾಡಿಸಿ, ಪಟ್ಟಿಯಲ್ಲಿ ಗ್ರೀಸ್, ಪಶ್ಚಿಮ ಏಷ್ಯ, ಉತ್ತರ ಆಫ್ರಿಕಗಳ ಹೆಸರು ಕಂಡು ಬೆರಗಾಗುತ್ತಾರೆ. ‘ಹಾಗಾದರೆ ನಾವು ಅಚ್ಚ ಇಟಲಿಯವರಲ್ಲವೇ?’ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯೇ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಪರೀಕ್ಷೆ ಮಾಡುವವರು ಯಾರ ಮುತ್ತಜ್ಜನನ್ನೂ ಹುಡುಕಿ ತರುವುದಿಲ್ಲ. ಇಂದು ಬದುಕಿರುವ ಬೇರೆ ಬೇರೆ ದೇಶದವರ ಮಾದರಿಗಳನ್ನು ಕೂಡಿಸಿಟ್ಟುಕೊಂಡು, ಬಂದ ಮಾದರಿ ಯಾವ ಗುಂಪನ್ನು ಎಷ್ಟು ಹೋಲುತ್ತದೆಂದು ಅಂದಾಜು ಕಟ್ಟುತ್ತಾರೆ. ಗುಂಪು ವಿಂಗಡಿಸುವ ಕ್ರಮ ಬದಲಾದರೆ ಅದೇ ವ್ಯಕ್ತಿಯ ಶೇಕಡಾವೂ ಬದಲಾಗುತ್ತದೆ. ಮುತ್ತಜ್ಜ ಮಾತ್ರ ಬದಲಾಗಿರುವುದಿಲ್ಲ! ಒಡಹುಟ್ಟಿದವರಿಗೂ ಲೆಕ್ಕ ಒಂದೇ ಬರುವುದಿಲ್ಲ. ತಂದೆತಾಯಿಗಳ ವಂಶವಾಹಿಗಳಲ್ಲಿ ಅರ್ಧರ್ಧ ಪಾಲು ಪ್ರತಿ ಮಗುವಿಗೂ ಸಿಗುವುದಾದರೂ ಆ ಅರ್ಧ ಎಲ್ಲರಿಗೂ ಒಂದೇ ಅರ್ಧವಲ್ಲ.

ಇನ್ನು ಇಟಲಿಯ ಚರಿತ್ರೆ. ಸಿಸಿಲಿ ದ್ವೀಪಕ್ಕೆ ಕ್ರಿ.ಪೂ. 8ನೆಯ ಶತಮಾನದಲ್ಲಿ ಗ್ರೀಕರು ಬಂದರು, ಕ್ರಿ.ಶ. 827ರಿಂದ ಅರಬ್ಬರು, 11ನೆಯ ಶತಮಾನದಲ್ಲಿ ನಾರ್ಮನ್ನರು. ರೋಮಿನ ಸುತ್ತಮುತ್ತಲ 29 ಸ್ಥಳಗಳಲ್ಲಿ ದೊರೆತ 127 ಪ್ರಾಚೀನರ ಡಿ.ಎನ್.ಎ. ಕುರಿತ ಸಂಶೋಧನೆ 2019ರಲ್ಲಿ ಪ್ರಕಟವಾಯಿತು. ಚಕ್ರಾಧಿಪತ್ಯದ ಕಾಲದ ರೋಮಿನವರಲ್ಲಿ ಪೂರ್ವ ಮೆಡಿಟರೇನಿಯನ್ ತೀರದವರ ವಂಶಾಂಶ ಎದ್ದು ಕಾಣುತ್ತದೆಂದು ಅದರಿಂದ ತಿಳಿಯಿತು. ಅಂದರೆ ಆ ಪಟ್ಟಿಯಲ್ಲಿ ‘ಹೊರಗಿನದು’ ಎಂದು ಕಾಣುವುದೇ ಅಲ್ಲಿ ಸಾವಿರಾರು ವರ್ಷಗಳಿಂದ ಒಳಗಿನದು.

ಎಟ್ರಸ್ಕನ್ನರ ಸಂಗತಿ ಇನ್ನೂ ಸ್ವಾರಸ್ಯವಾದುದು. ಅವರ ಭಾಷೆಗೂ ಲ್ಯಾಟಿನ್ನಿಗೂ ನಂಟಿಲ್ಲ. ಅವರು ಏಷ್ಯ ಮೈನರಿನ ಲಿಡಿಯದಿಂದ ಬಂದವರೆಂದು ಹೆರೊಡೋಟಸ್ ಬರೆದಿದ್ದ. 2021ರಲ್ಲಿ ಪ್ರಕಟವಾದ ಅಧ್ಯಯನವು ಅವರ ವಂಶ ನೆರೆಯ ಲ್ಯಾಟಿನರ ವಂಶದಂತೆಯೇ ಇತ್ತೆಂದು ತೋರಿಸಿತು. ಮನೆಗೊಂದು ಮಾತಿರುವ ಗಡಿನಾಡಿನ ನಮಗೆ ಇದು ಅಷ್ಟೇನೂ ಅಚ್ಚರಿಯಲ್ಲ.

‘ಅಚ್ಚ’ ಎಂಬ ಮಾತಿಗೆ ನಾವೇಕೆ ಇಷ್ಟು ಅಂಜುತ್ತೇವೆಂದರೆ, ಇಟಲಿಯಲ್ಲೇ ಅದು ಒಮ್ಮೆ ಕಾನೂನಾಗಿತ್ತು. ಮುಸೊಲಿನಿಯ ಆಳ್ವಿಕೆಯಲ್ಲಿ, 1938ರ ಜುಲೈಯಲ್ಲಿ, ‘ಶುದ್ಧ ಇಟಾಲಿಯನ್ ಜನಾಂಗ’ ಒಂದಿದೆ, ಯೆಹೂದ್ಯರು ಅದಕ್ಕೆ ಸೇರಿದವರಲ್ಲ ಎಂಬ ಘೋಷಣೆ ವಿದ್ವಾಂಸರ ಹೆಸರಿನಲ್ಲಿಯೇ ಹೊರಟಿತು. ಅದೇ ವರ್ಷ ಯೆಹೂದಿ ಮಕ್ಕಳನ್ನೂ ಉಪಾಧ್ಯಾಯರನ್ನೂ ಸರಕಾರಿ ಶಾಲೆಗಳಿಂದ ಹೊರಹಾಕಿದರು. ರೋಮಿನಲ್ಲಿ ಯೆಹೂದ್ಯರು ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ನೆಲೆಸಿದ್ದವರು.