ನಡುಮನೆಯಲ್ಲಿ ನಿಂತ ಕಾರು

ಹುಬ್ಬಳ್ಳಿಯ ಒಂದು ಮನೆಯ ನಡುಮನೆಯಲ್ಲಿ ಸೋಫಾ, ಟೀವಿ, ಕುಂಡದ ಗಿಡಗಳ ಜೊತೆಗೆ ಒಂದು ಬೆಂಝ್ ಕಾರೂ ಇದೆ. ಆರಿಂಚು ಎತ್ತರದ ಗ್ರಾನೈಟ್ ಕಟ್ಟೆಯ ಮೇಲೆ ಅದನ್ನು ನಿಲ್ಲಿಸಿದ್ದಾರೆ. ಮೇಲಿನಿಂದ ನಾಲ್ಕು ದೀಪ ಬಿಟ್ಟಿದ್ದಾರೆ. 1996ರಲ್ಲಿ ಕೊಂಡ ಆ ಕಾರನ್ನು ಇಪ್ಪತ್ತೆರಡು ವರ್ಷ ಓಡಿಸಿದವನು ನನ್ನ ಅಪ್ಪ. ಹೊಸ ಮನೆ ಕಟ್ಟಿಸಿದಾಗ ಸಾವ್ಕಾರರು ಮುಂದಿನ ಗೋಡೆಯನ್ನು ಪೂರ್ತಿ ಗಾಜಿನದನ್ನಾಗಿ ಮಾಡಿಸಿ, ಅದನ್ನು ಕೂರಿಸುವ ಮೊದಲೇ ಕಾರನ್ನು ಒಳಗೆ ತರಿಸಿಕೊಂಡರು. ಈಗ ತಿಂಗಳಿಗೆ ಎರಡು ಸಲ ಅಪ್ಪನಿಗೆ ಫೋನ್ ಬರುತ್ತದೆ. ಅಪ್ಪ ಹೋಗಿ ಕಾರು ಒರೆಸಿ, ಜಾಕ್ ಕೊಟ್ಟು ಚಕ್ರಗಳನ್ನು ಒಂದಿಷ್ಟು ತಿರುಗಿಸಿ ಬರುತ್ತಾನೆ. ಕಾರು ಮುಂಬಾಗಿಲಿನ ಕಡೆಯಿಂದ ಒಳಗೆ ಬಂದಿತ್ತು. ಅಪ್ಪ ಹೋಗುವುದು ಅಡುಗೆಮನೆಯ ಹಿಂಬಾಗಿಲಿನಿಂದ.

ಇದನ್ನು ಬೆಂಗಳೂರಿನ ನನ್ನ ಗೆಳತಿಗೆ ಹೇಳಿದೆ. ಅವಳು ಆರ್ಕಿಟೆಕ್ಟ್. ಅವಳ ಉತ್ತರ ಹೀಗಿತ್ತು: 'ನಿನ್ನ ಸಿಟ್ಟು ಸಾವ್ಕಾರರ ಮೇಲಿನದು, ಅದನ್ನು ಡಿಸೈನ್ ಮೇಲೆ ಹಾಕಬೇಡ. ಕಾರೂ ಒಂದು ಕಲಾಕೃತಿ. ಗೋಡೆಗೆ ಹುಸೇನರ ಚಿತ್ರ ತೂಗುಹಾಕಿದರೆ ನಿನಗೇನೂ ಅನಿಸುವುದಿಲ್ಲ, ಕಾರು ಇಟ್ಟರೆ ಯಾಕೆ ಉರಿ?' ಅದರ ಹಿಂದೆಯೇ ಜಗತ್ತಿನ ಹತ್ತಾರು ಮನೆಗಳ ಫೋಟೋ ಕಳಿಸಿದಳು. ಎರಡು ತಿಂಗಳು ಅವನ್ನೇ ನೋಡಿದೆ, ಓದಿದೆ. ಆದರೂ ನನ್ನ ಉರಿ ಇಳಿದಿಲ್ಲ. ಯಾಕೆಂದು ಹೇಳುವುದಕ್ಕೇ ಈ ಬರಹ.

ಮೊದಲು ಅವಳ ಪರವಾಗಿಯೇ ಒಂದು ಮಾತು. ಈ ಮನೆಗಳೆಲ್ಲ ಒಂದೇ ಬಗೆಯವಲ್ಲ. ಜಪಾನಿನಲ್ಲಿ 1962ರ ಒಂದು ಕಾಯಿದೆಯ ಪ್ರಕಾರ, ರಸ್ತೆಯ ಹೊರಗೆ ಕಾರು ನಿಲ್ಲಿಸಲು ಜಾಗವಿದೆ ಎಂದು ತೋರಿಸದೆ ಕಾರು ನೋಂದಣಿ ಮಾಡಿಸುವುದು ಕಷ್ಟ. ಟೋಕಿಯೋದಲ್ಲಿ ಅಂಗೈಯಗಲದ ನಿವೇಶನದಲ್ಲಿ ಮನೆ ಕಟ್ಟುವವನು ಕಾರನ್ನು ಮನೆಯ ಹೊಟ್ಟೆಯೊಳಗೇ ಇಟ್ಟುಕೊಂಡರೆ ಅದರಲ್ಲಿ ಅನಿವಾರ್ಯತೆಯ ಪಾಲೂ ಇದೆ. ಬೀದಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಸೌಜನ್ಯವೂ ಇದೆ. ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದ ಬೆಂಗಳೂರಿನಲ್ಲಿ, ಫುಟ್‌ಪಾತಿನ ಮೇಲೆ ನಿಂತ ಕಾರುಗಳನ್ನು ಬಳಸಿಕೊಂಡು ನಡೆಯುವ ನನಗೆ ಆ ಸೌಜನ್ಯದ ಬೆಲೆ ಗೊತ್ತು.

ಆದರೆ ಅದೇ ಟೋಕಿಯೋದಲ್ಲಿ ವಾಸ್ತುಶಿಲ್ಪಿ ತಕುಯಾ ತ್ಸುಚಿದಾ ವಿನ್ಯಾಸ ಮಾಡಿದ ಒಂದು ಮನೆಯಲ್ಲಿ ಲಿಫ್ಟ್ ಏರಿ ಲ್ಯಾಂಬೋರ್ಗಿನಿ ಕಾರು ನಡುಮನೆಗೇ ಬಂದು ನಿಲ್ಲುತ್ತದೆ. ಸಿಂಗಪುರದ ಹ್ಯಾಮಿಲ್ಟನ್ ಸ್ಕಾಟ್ಸ್ ಎಂಬ ಮೂವತ್ತು ಅಂತಸ್ತಿನ ಕಟ್ಟಡದಲ್ಲಿ ಕಾರುಗಳು ಲಿಫ್ಟಿನಲ್ಲಿ ಮೇಲೇರಿ, ಹಜಾರದ ಗಾಜಿನಾಚೆ ಮೀನಿನ ತೊಟ್ಟಿಯಂತೆ ಕಾಣುತ್ತ ನಿಲ್ಲುತ್ತವೆ. ಸಿಂಗಪುರದಲ್ಲಿ 1990ರಿಂದ ಕಾರು ಇಟ್ಟುಕೊಳ್ಳುವ ಹಕ್ಕನ್ನೇ ಹರಾಜಿನಲ್ಲಿ ಕೊಳ್ಳಬೇಕು, ಅದೂ ಹತ್ತು ವರ್ಷಕ್ಕೆ ಮಾತ್ರ. ಎಷ್ಟೋ ಸಲ ಆ ಹಕ್ಕಿನ ಬೆಲೆ ಸಣ್ಣ ಕಾರಿನ ಬೆಲೆಯನ್ನೇ ಮೀರುತ್ತದೆ. ಅಂಥ ಊರಿನಲ್ಲಿ ಕಾರನ್ನು ಹಜಾರದ ಪಕ್ಕ ತಂದು ನಿಲ್ಲಿಸುವುದು ಜಾಗದ ಅಭಾವದಿಂದಲ್ಲ. ನಾಲ್ಕು ಜನರ ಕೈಗೆಟುಕದ್ದು ನನ್ನ ಹತ್ತಿರ ಇದೆ ಎಂದು ತೋರಿಸಲು. ಥಾರ್ಸ್ಟೈನ್ ವೆಬ್ಲನ್ 1899ರಲ್ಲೇ ಈ ತೋರಿಕೆಯ ಭೋಗದ ಬಗ್ಗೆ ಪುಸ್ತಕ ಬರೆದು ಮುಗಿಸಿದ್ದಾನೆ, ಅದನ್ನು ಮತ್ತೆ ಹೇಳುವ ಕೆಲಸ ನನ್ನದಲ್ಲ. ನನ್ನ ತಕರಾರು ಇರುವುದು ಈ ತೋರಿಕೆಗೆ 'ಕಲೆ' ಎಂಬ ಹೆಸರು ಕೊಡುವುದರ ಬಗ್ಗೆ.

ಕಾರನ್ನು ಕಲೆಯಾಗಿಸುವವರು ಆಧುನಿಕ ವಾಸ್ತುಶಿಲ್ಪದ ಹಿರಿಯರನ್ನು ಸಾಕ್ಷಿಗೆ ಕರೆಯುತ್ತಾರೆ. ನನ್ನ ಗೆಳತಿಯೂ ಲ ಕಾರ್ಬೂಸಿಯೆಯನ್ನು ಕರೆದಳು. ಕರೆದದ್ದು ಒಳ್ಳೆಯದಾಯಿತು. ಅವನಷ್ಟು ಕಾರಿನ ಮೋಹಿ ಇನ್ನೊಬ್ಬನಿಲ್ಲ. 1923ರ ಪುಸ್ತಕದಲ್ಲಿ ಗ್ರೀಕ್ ದೇವಾಲಯದ ಚಿತ್ರದ ಜೊತೆಗೆ ಕಾರಿನ ಚಿತ್ರ ಅಚ್ಚು ಹಾಕಿಸಿದವನು. ತಾನು ಕಟ್ಟಿದ ಮನೆಗಳ ಮುಂದೆ ವಾಸಾಂ ಕಾರು ನಿಲ್ಲಿಸಿ ಫೋಟೋ ತೆಗೆಸಿದವನು. ಪ್ಯಾರಿಸ್ ಹತ್ತಿರದ ಪ್ವಾಸಿಯಲ್ಲಿ ಅವನು ಕಟ್ಟಿದ ವಿಲ್ಲಾ ಸವೊಯ್ 1931ರ ಹೊತ್ತಿಗೆ ಮುಗಿಯಿತು. ಅದರ ಕೆಳ ಅಂತಸ್ತಿನ ಗಾಜಿನ ಗೋಡೆ ಬಾಗಿರುವುದು ಕಾರು ತಿರುಗುವ ಸುತ್ತಳತೆಗೆ ತಕ್ಕಂತೆ. ಅಂದರೆ ಅವನು ಮನೆಯನ್ನು ರೂಪಿಸಿದ್ದು ಕಾರಿನ ಚಲನೆಗೆ. ಕಾರು ಬರುತ್ತದೆ, ಜನರನ್ನು ಇಳಿಸುತ್ತದೆ, ತಿರುಗುತ್ತದೆ, ಗ್ಯಾರೇಜಿಗೆ ಹೋಗುತ್ತದೆ. ಜನ ಮೇಲೆ ಹತ್ತಿಹೋಗಿ ಬದುಕುತ್ತಾರೆ. ಅಷ್ಟು ಮೋಹವಿದ್ದವನೂ ಕಾರನ್ನು ಮೇಲಕ್ಕೆ ತಂದು ಸೋಫಾದ ಪಕ್ಕ ಕೂರಿಸಲಿಲ್ಲ.

ಆ ಮನೆಯ ನಕ್ಷೆಯಲ್ಲಿ ಇನ್ನೊಂದು ವಿಷಯವಿದೆ. ಕೆಳ ಅಂತಸ್ತಿನಲ್ಲಿ ಗ್ಯಾರೇಜಿನ ಜೊತೆಗೆ ಡ್ರೈವರನಿಗೂ ಕೆಲಸದವರಿಗೂ ಕೋಣೆಗಳಿವೆ. ಅದು ಸಮಾನತೆಯೇನೂ ಅಲ್ಲ, ಯಜಮಾನರು ಮೇಲೆ, ಆಳುಗಳು ಕೆಳಗೆ. ಆದರೂ ಕಾರು ಎಂದರೆ ಅದನ್ನು ಓಡಿಸುವ ಒಬ್ಬ ಮನುಷ್ಯನೂ ಇದ್ದಾನೆ, ಅವನಿಗೂ ಮಲಗಲು ಜಾಗ ಬೇಕು ಎಂಬುದು ಆ ನಕ್ಷೆಗೆ ಗೊತ್ತಿತ್ತು. ಗೆಳತಿ ಕಳಿಸಿದ ಫೋಟೋಗಳಲ್ಲಿ ಕಾರಿಗೆ ಕೋಣೆಯಿದೆ, ಬೆಳಕಿದೆ, ತಂಪು ಗಾಳಿಯಿದೆ. ಅದನ್ನು ತೊಳೆಯುವವನು ಒಂದು ಫೋಟೋದಲ್ಲೂ ಇಲ್ಲ.

'ಕಾರು ನಮ್ಮ ಕಾಲದ ಕ್ಯಾಥೆಡ್ರಲ್' ಎಂಬ ಮಾತನ್ನೂ ಗೆಳತಿ ಎತ್ತಿದಳು. ಆ ಹೋಲಿಕೆ ರೊಲಾ ಬಾರ್ತನದು. 1957ರ 'ಮಿಥಾಲಜೀಸ್' ಪುಸ್ತಕದಲ್ಲಿ ಹೊಸ ಸಿಟ್ರೊಯೆನ್ ಕಾರಿನ ಬಗ್ಗೆ ಬರೆಯುತ್ತ ಅವನು ಅದನ್ನು ಗೋಥಿಕ್ ಕ್ಯಾಥೆಡ್ರಲ್‌ಗಳಿಗೆ ಹೋಲಿಸುತ್ತಾನೆ. ಆದರೆ ಆ ಪ್ರಬಂಧದಲ್ಲಿ ಜನ ಪ್ರದರ್ಶನಕ್ಕೆ ಬಂದು ಕಾರನ್ನು ಕೈಯಿಂದ ಮುಟ್ಟಿ, ಸವರಿ, ಸೀಟಿನಲ್ಲಿ ಕೂತು ನೋಡುತ್ತಾರೆ. ಕ್ಯಾಥೆಡ್ರಲ್ ಊರಿಗೆಲ್ಲ ಸೇರಿದ್ದು, ಅದರ ಬಾಗಿಲು ತೆರೆದಿರುತ್ತದೆ. ನಮ್ಮ ಕಡೆಯದೇ ಉದಾಹರಣೆ ಬೇಕಿದ್ದರೆ ತೇರಿದೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ತೇರೂ ವರ್ಷದ ಬಹುಪಾಲು ಸುಮ್ಮನೆ ನಿಂತಿರುತ್ತದೆ. ಶಿವರಾತ್ರಿಯ ಜಾತ್ರೆಯಲ್ಲಿ ಸಾವಿರಾರು ಜನ ಅದರ ಹಗ್ಗ ಹಿಡಿದು ಎಳೆಯುತ್ತಾರೆ, ಉತ್ತತ್ತಿ ಬಾಳೆಹಣ್ಣು ಎಸೆಯುತ್ತಾರೆ. ಹಮಾಲಿ ಮಾಡುವವನ ಕೈಗೂ ಆ ಹಗ್ಗ ಸಿಗುತ್ತದೆ. ಸಾವ್ಕಾರರ ನಡುಮನೆಯ ಬೆಂಝಿಗೆ ಅಂಥ ಹಗ್ಗವಿಲ್ಲ. ಕಾರನ್ನು ಎಲ್ಲರೂ ನೋಡಬೇಕಾದ ಚೆಲುವು ಎಂದು ನಿಜವಾಗಿ ನಂಬಿದವರು ಅದನ್ನು ಮ್ಯೂಸಿಯಮ್ಮಿನಲ್ಲಿ ಇಡುತ್ತಾರೆ. ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ಮ್ಯೂಸಿಯಮ್ಮಿನಲ್ಲಿ ಟಿಕೆಟ್ ತೆಗೆಸಿದ ಶಾಲಾ ಮಕ್ಕಳು ಹಳೆಯ ಕಾರುಗಳ ಮುಂದೆ ಬಾಯಿ ಬಿಟ್ಟು ನಿಲ್ಲಬಹುದು. ಅಲ್ಲಿ ಕಾರು ನಿಂತಿರುವುದರ ಬಗ್ಗೆ ನನಗೆ ತಕರಾರಿಲ್ಲ.

ಇನ್ನೊಂದು ವಾದ ನನ್ನ ಸಂಶೋಧನೆಯ ಹೊಲದಿಂದಲೇ ಬಂದಿತು. ನಾನು ಕೆಲಸ ಮಾಡುತ್ತಿರುವುದು ಕನ್ನಡ ಕಾದಂಬರಿಗಳಲ್ಲಿ ಮನೆ ಎಂಬ ವಿಷಯದ ಮೇಲೆ. ಸೆಮಿನಾರೊಂದರಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು ನಕ್ಕು, 'ನಿಮ್ಮ ಕಡೆ ಮನೆಯೊಳಗೇ ಎತ್ತು ಕಟ್ಟುತ್ತಿರಲಿಲ್ಲವೇನಮ್ಮ? ಕಾರು ಕಟ್ಟಿದರೆ ಏನು ತಪ್ಪು?' ಎಂದರು. ಹೌದು, ಕಟ್ಟುತ್ತಿದ್ದರು. ನಮ್ಮ ಅಜ್ಜನ ಮನೆಯಲ್ಲಿ ತಲೆಬಾಗಿಲು ದಾಟಿದೊಡನೆ ಎತ್ತುಗಳ ಜಾಗ, ಅಲ್ಲೇ ಗ್ವಾದಲಿ. ಎರಡು ಮೆಟ್ಟಿಲು ಹತ್ತಿದರೆ ಪಡಸಾಲಿ, ಅಲ್ಲಿ ನಾವು. ರಾತ್ರಿ ಎತ್ತುಗಳು ಮೆಲುಕು ಹಾಕುವ ಸದ್ದು ಕೇಳುತ್ತ ಮಲಗಿದವಳು ನಾನು. ಆದರೆ ಎತ್ತುಗಳನ್ನು ಒಳಗೆ ಕಟ್ಟಿದ್ದು ಕಳ್ಳರ ಭಯಕ್ಕೆ, ಮಳೆಗೆ, ಚಳಿಗೆ. ಮರುದಿನ ಬೆಳಗಿನ ಜಾವ ಅವು ಹೊಲಕ್ಕೆ ಹೋಗಲೇಬೇಕಿತ್ತು. ಅಜ್ಜನೂ ಅವುಗಳ ಹಿಂದೆ ಹೋಗಲೇಬೇಕಿತ್ತು. ಸಗಣಿ ಬಳಿಯುವವರು, ಮೇವು ಹಾಕುವವರು, ಹೊಲ ಉಳುವವರು ಎಲ್ಲ ಅದೇ ಮನೆಯವರು. ಬಂದ ನೆಂಟರಿಗೆ ಎತ್ತು ತೋರಿಸುವ ಹೆಮ್ಮೆ ಅಜ್ಜನಿಗೂ ಇತ್ತು. ಆ ಹೆಮ್ಮೆ ಅವನ ಮೈಬೆವರಿನ ಜೊತೆ ಸೇರಿತ್ತು.

ಕಾರನ್ನು ನಡುಮನೆಯಲ್ಲಿ ಇಡಬೇಕಾದರೆ ಏನೇನು ಮಾಡಬೇಕೆಂದು ಅಪ್ಪನಿಂದ ಕೇಳಿ ತಿಳಿದಿದ್ದೇನೆ. ಟ್ಯಾಂಕಿನಲ್ಲಿ ಇಂಧನವಿದ್ದರೆ ಬೆಂಕಿಯ ಭಯ, ಮನೆಯೆಲ್ಲ ವಾಸನೆ. ಅದಕ್ಕೆ ಟ್ಯಾಂಕು ಬರಿದು ಮಾಡಬೇಕು. ಬ್ಯಾಟರಿ ಬಿಚ್ಚಿಡಬೇಕು. ಎಂಜಿನ್ ಚಾಲೂ ಮಾಡುವ ಹಾಗೇ ಇಲ್ಲ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಮನೆಯಲ್ಲಿ ಅದು ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಗ್ಯಾರೇಜಿಗೂ ಮನೆಗೂ ನಡುವೆ ಬೆಂಕಿ ತಡೆಯುವ ಗೋಡೆ ಇರಲೇಬೇಕೆಂದು ಅನೇಕ ದೇಶಗಳ ಕಟ್ಟಡ ನಿಯಮಗಳು ಹೇಳುವುದು ಸುಮ್ಮನೆ ಅಲ್ಲ. ತಳದಿಂದ ಎಣ್ಣೆ ತೊಟ್ಟಿಕ್ಕುತ್ತದೆ, ಟ್ರೇ ಇಡಬೇಕು. ಒಂದೇ ಕಡೆ ನಿಂತರೆ ಟೈರು ಚಪ್ಪಟೆಯಾಗುತ್ತದೆ, ರಬ್ಬರು ಒಣಗಿ ಬಿರಿಯುತ್ತದೆ. ಅಂದರೆ ಕಾರಿನ ಜೊತೆ ಒಂದೇ ಸೂರಿನ ಕೆಳಗೆ ಬದುಕಲು ಮೊದಲು ಅದರ ಜೀವ ತೆಗೆಯಬೇಕು. ಆಮೇಲೆ ಹೆಣ ಕೆಡದಂತೆ ನೋಡಿಕೊಳ್ಳಲು ಒಬ್ಬನನ್ನು ಗೊತ್ತು ಮಾಡಬೇಕು.

ವಾಲ್ಟರ್ ಬೆಂಜಮಿನ್ ಓದಿದವರು ಇಲ್ಲಿ ನನ್ನನ್ನು ತಡೆಯಬಹುದು. ಸಂಗ್ರಾಹಕನು ವಸ್ತುಗಳನ್ನು ಉಪಯೋಗದ ಹೊರೆಯಿಂದ ಬಿಡಿಸುತ್ತಾನೆ ಎಂಬ ಅವನ ವಿಚಾರ ಚೆಲುವಾದದ್ದು. ನನಗೂ ಬಹಳ ದಿನ ಅದರ ಮೋಹವಿತ್ತು. ಆದರೆ ಬೆಂಜಮಿನ್ ತನ್ನ ಪುಸ್ತಕಗಳ ಪೆಟ್ಟಿಗೆಗಳನ್ನು ತಾನೇ ಬಿಚ್ಚುತ್ತಾನೆ, ಧೂಳು ಅವನ ಕೈಗೇ ಹತ್ತುತ್ತದೆ. ಸಾವ್ಕಾರರ ನಡುಮನೆಯಲ್ಲಿ ಬೆಂಝು ಉಪಯೋಗದ ಹೊರೆಯಿಂದ ಬಿಡುಗಡೆಯಾಗಿದೆ, ನಿಜ. ಆ ಹೊರೆ ಮಾಯವಾಗಿಲ್ಲ. ಅರವತ್ತು ದಾಟಿದ, ಮೊಣಕಾಲು ನೋವಿನ ಒಬ್ಬ ಮನುಷ್ಯನ ಹೆಗಲಿಗೆ ವರ್ಗವಾಗಿದೆ. 'ಡಿಸೈನ್ ಬೇರೆ, ಸಾವ್ಕಾರಿಕೆ ಬೇರೆ' ಎಂದು ಗೆಳತಿ ಹೇಳಿದ್ದಕ್ಕೆ ನನ್ನ ಉತ್ತರ ಇದೇ. ಆ ಗ್ರಾನೈಟ್ ಕಟ್ಟೆಯ ನಕ್ಷೆ ಬರೆದವರು ಅದನ್ನು ದಿನಾ ಯಾರು ಒರೆಸುತ್ತಾರೆ ಎಂದು ಕೇಳಿಕೊಂಡಿಲ್ಲ. ಕೇಳಿಕೊಳ್ಳದಿರುವುದೂ ಡಿಸೈನಿನ ಭಾಗವೇ.

ಇನ್ನು ಜಾಗದ ಲೆಕ್ಕ. ನಮ್ಮಲ್ಲಿ ಒಂದು ಕಾರು ನಿಲ್ಲಿಸಲು ಸಾಮಾನ್ಯವಾಗಿ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಹಿಡಿಯುತ್ತಾರೆ. ಅಂದರೆ ಸುಮಾರು 135 ಚದರಡಿ. ನಾನೂ ಇನ್ನೊಬ್ಬ ಸಂಶೋಧಕಿಯೂ ನಾಲ್ಕು ವರ್ಷದಿಂದ ಇರುವ ಹಾಸ್ಟೆಲ್ ಕೋಣೆ ಹತ್ತಡಿಗೆ ಹನ್ನೆರಡಡಿ, 120 ಚದರಡಿ. ಅದರಲ್ಲಿ ಎರಡು ಮಂಚ, ಎರಡು ಮೇಜು, ಎರಡು ಪಿಎಚ್.ಡಿ. ಹೀಗೆ ಹೇಳಿದರೆ 'ಹೊಟ್ಟೆಕಿಚ್ಚು' ಎನ್ನುವವರಿದ್ದಾರೆ. ಇರಲಿ, ಹೊಟ್ಟೆಕಿಚ್ಚೇ ಎಂದಿಟ್ಟುಕೊಳ್ಳೋಣ. ಹೊಟ್ಟೆಕಿಚ್ಚು ಹುಟ್ಟಿಸುವುದಕ್ಕೇ ಗಾಜಿನ ಗೋಡೆ ಕಟ್ಟಿಸಿದ ಮೇಲೆ, ನೋಡಿದವರಿಗೆ ಹೊಟ್ಟೆಕಿಚ್ಚಾಯಿತೆಂದು ದೂರುವುದು ಯಾವ ನ್ಯಾಯ?

ನಷ್ಟ ನಮ್ಮಂಥವರಿಗೆ ಮಾತ್ರ ಎಂದೂ ನನಗನಿಸುವುದಿಲ್ಲ. 1986ರ 'ಫೆರಿಸ್ ಬ್ಯೂಲರ್ಸ್ ಡೇ ಆಫ್' ಎಂಬ ಹಾಲಿವುಡ್ ಸಿನಿಮಾ ನೋಡಿ. ಕ್ಯಾಮರನ್ ಎಂಬ ಹುಡುಗನ ಅಪ್ಪ ಕಾಡಿನ ಕಣಿವೆಯ ಅಂಚಿನಲ್ಲಿ ಗಾಜಿನ ಮಂಟಪ ಕಟ್ಟಿಸಿ ಅದರಲ್ಲಿ ಕೆಂಪು ಫೆರಾರಿ ಇಟ್ಟಿದ್ದಾನೆ. ಓಡಿಸುವುದಿಲ್ಲ, ಒರೆಸುತ್ತಾನೆ. ಹುಡುಗರು ಒಂದು ದಿನ ಅದನ್ನು ಕದ್ದು ಓಡಿಸುತ್ತಾರೆ. ಓಡಿದ ಮೈಲಿಗಳ ಲೆಕ್ಕ ಅಳಿಸಲು ಜಾಕ್ ಮೇಲೆ ನಿಲ್ಲಿಸಿ ಚಕ್ರವನ್ನು ಹಿಮ್ಮುಖ ತಿರುಗಿಸುತ್ತಾರೆ, ಅಳಿಯುವುದಿಲ್ಲ. ಕೊನೆಗೆ ಹುಡುಗ ಕಾರನ್ನು ಒದೆಯತೊಡಗುತ್ತಾನೆ, ಕಾರು ಜಾಕ್ ಜಾರಿ ಗಾಜು ಒಡೆದುಕೊಂಡು ಕಣಿವೆಗೆ ಬೀಳುತ್ತದೆ. ಇಡೀ ಸಿನಿಮಾದಲ್ಲಿ ಆ ಅಪ್ಪನ ಮುಖ ನಮಗೆ ಒಮ್ಮೆಯೂ ಕಾಣುವುದಿಲ್ಲ, ಅವನ ಕಾರು ಮಾತ್ರ ಕಾಣುತ್ತದೆ. ತಮಾಷೆಯ ಸಿನಿಮಾ ಎಂದು ಜನ ನೆನೆಯುತ್ತಾರೆ. ನನಗೆ ಅದು ಕಾರಿಗೆ ಸಿಕ್ಕ ಕೋಣೆ ತನಗೆ ಸಿಗಲಿಲ್ಲವೆಂದು ತಿಳಿದುಕೊಂಡ ಮಗನ ಕತೆ. ನಮ್ಮಲ್ಲಿ ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದವರಿಗೂ ಇದು ಹೊಸದಲ್ಲ. ಹಣ ಬಂದು ದೊಡ್ಡ ಮನೆಗೆ ಹೋದ ಕುಟುಂಬದಲ್ಲಿ ಮನುಷ್ಯರ ನಡುವಿನ ಸಲಿಗೆಗೆ ಏನಾಗುತ್ತದೆ ಎಂಬುದನ್ನು ಆ ಸಣ್ಣ ಪುಸ್ತಕ ಚೆನ್ನಾಗಿ ಬಲ್ಲದು.

ಹಾಗಾದರೆ ಏನು ಮಾಡಬೇಕು? ಕಾರಿನ ಮೇಲೆ ಪ್ರೀತಿ ಇರುವವರು ಅದನ್ನು ಓಡಿಸಲಿ. ಓಡಿಸಲಾಗದಿದ್ದರೆ ನಾಲ್ಕು ಜನ ನೋಡುವಲ್ಲಿ ಇಡಲಿ. ಅದೂ ಬೇಡ, ನಮ್ಮ ಮನೆ ನಮ್ಮ ಇಷ್ಟ ಎಂದರೆ ಕಾನೂನು ಅಡ್ಡ ಬರುವುದಿಲ್ಲ, ನಾನೂ ಬರುವುದಿಲ್ಲ. ಆದರೆ ಅದನ್ನು ಕಲೆಯೆಂದು ಒಪ್ಪಿಕೊಳ್ಳಲು ನಮ್ಮನ್ನು ಕೇಳಬಾರದು. ಆರ್ಕಿಟೆಕ್ಚರ್ ಓದುತ್ತಿರುವ ಗೆಳೆಯರು, ಇಂಥ ನಕ್ಷೆ ಬರೆಯುವ ದಿನ ಬಂದರೆ, ಒಂದು ಪ್ರಶ್ನೆಯನ್ನಾದರೂ ಕೇಳಿಕೊಳ್ಳಲಿ: ಇದನ್ನು ಒರೆಸಲು ಬರುವವನು ಯಾವ ಬಾಗಿಲಿನಿಂದ ಬರುತ್ತಾನೆ, ಒರೆಸಿ ದಣಿದ ಮೇಲೆ ಎಲ್ಲಿ ಕೂರುತ್ತಾನೆ?

ಇಷ್ಟೆಲ್ಲ ಸಿಟ್ಟು ನನ್ನದು. ಅಪ್ಪನಿಗೆ ಇಷ್ಟಿಲ್ಲ. ಕಳೆದ ಮಾನವಮಿಗೆ ಊರಿಗೆ ಹೋದಾಗ ಅಪ್ಪ ಸಾವ್ಕಾರರ ಮನೆಯಿಂದ ಆಗತಾನೆ ಬಂದಿದ್ದ. ನಡುಮನೆಯ ಕಾರಿಗೂ ಪೂಜೆಯಾಗಿತ್ತು. ಚೆಂಡುಹೂವಿನ ಮಾಲೆ ಹಾಕಿ, ವಿಭೂತಿ ಕುಂಕುಮ ಹಚ್ಚಿ, ನಾಲ್ಕು ಚಕ್ರಗಳ ಮುಂದೆ ನಾಲ್ಕು ಲಿಂಬೆಹಣ್ಣು ಇಟ್ಟಿದ್ದರಂತೆ. ಆಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರಂತೆ. ಕಾರು ಮುಂದೆ ಹೋಗುವ ಹಾಗಿರಲಿಲ್ಲ.

'ಮತ್ತ ಏನ್ ಮಾಡಿದ್ರಿ ಯಪ್ಪಾ?' ಅಂದೆ.

'ಏನ್ ಮಾಡೂದವ್ವಿ, ಹಂಗ ಬಿಟ್ರು. ಎಲ್ಲಾರೂ ಊಟಕ್ಕ ಹ್ವಾದ ಮ್ಯಾಲೆ ನಾನ ಆರಿಸಿ ಚೀಲದಾಗ ಹಾಕ್ಕೊಂಡ್ ಬಂದೆ. ನಿಮ್ಮವ್ವ ಪೂಜಿದು ಬ್ಯಾಡ ಅಂತಾಳ. ಹಣ್ಣು ಚಲೋ ಅದಾವ, ಶರಬತ್ ಮಾಡು.'

ಮಾಡಿದೆ. ಮೂವರೂ ಕುಡಿದೆವು.